ಅದು ಯುದ್ಧದ ಚಾಕುವಲ್ಲ, ಕಣ್ಣು ಕಸಿಯ ಚಾಕು

ಪ್ರಶ್ನೆ: ಕಳೆದ ವರ್ಷ ಅಪ್ಪ ತೀರಿಕೊಂಡ ಮೇಲೆ ಅಜ್ಜನ ಕಬ್ಬಿಣದ ಟ್ರಂಕು ನನ್ನ ಪಾಲಿಗೆ ಬಂತು. ಅದರ ತಳದಲ್ಲಿ ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟ ಒಂದು ಮಡಚುವ ಚಾಕು ಇತ್ತು. ಮಡಚಿದಾಗ ನಾಲ್ಕು ಅಂಗುಲ ಒಂದು ನೂಲು ಉದ್ದ. ಅಲಗು ಒಂದೇ. ಹಿಡಿ ಕಂದು ಬಣ್ಣದ್ದು, ಮರದ ತೊಗಟೆಯಂತೆ ಒರಟು. ಹಿಡಿಯ ಇನ್ನೊಂದು ತುದಿಯಲ್ಲಿ ಕೆನೆ ಬಣ್ಣದ, ತೆಳುವಾದ ನಾಲಿಗೆಯಂಥ ತುಂಡು ಹೊರಗೆ ಚಾಚಿದೆ. ಅಲಗಿನ ಬುಡದಲ್ಲಿ ಒಂದು ಕಿರೀಟ, ಅದರ ಎಡಬಲಕ್ಕೆ ಇಂಗ್ಲಿಷಿನ ಜಿ ಮತ್ತು ಆರ್, ಕೆಳಗೆ ‘ಡ್ಜರ್ಸ್’ ಎಂದು ಮುಗಿಯುವ ಹೆಸರು, ಒಂದು ನಕ್ಷತ್ರ, ಒಂದು ಶಿಲುಬೆ ಕಾಣುತ್ತವೆ. ಹಿಡಿಯ ತಲೆಯ ಲೋಹದ ಮೇಲೆ 17 ಎಂದಿದೆ. ಅಜ್ಜ ಎರಡನೆಯ ಮಹಾಯುದ್ಧಕ್ಕೆ ಹೋಗಿ 1946ರಲ್ಲಿ ಊರಿಗೆ ಮರಳಿದವರು. ಇದು ಯುದ್ಧದ ಚಾಕು, 1917ರದ್ದು ಎಂದು ಅಪ್ಪ ಹೇಳುತ್ತಿದ್ದರು. ಧಾರವಾಡದಲ್ಲಿರುವ 84 ವರ್ಷದ ಅತ್ತೆ ಬೇರೆಯೇ ಹೇಳುತ್ತಾರೆ: ಅಜ್ಜ ಕೃಷಿ ಕಾಲೇಜಿನ ತೋಟದಲ್ಲಿ ಕೆಲಸಕ್ಕಿದ್ದಾಗ ಇದು ಸದಾ ಅವರ ಜೇಬಿನಲ್ಲಿರುತ್ತಿತ್ತು, ಇದರಿಂದ ಒಂದು ಪೇರಲಹಣ್ಣು ಹೆಚ್ಚಲೂ ಯಾರಿಗೂ ಕೊಡುತ್ತಿರಲಿಲ್ಲ. ಇದು ಯಾವ ಚಾಕು? ಯಾವ ಕಾಲದ್ದು? ಆ ನಾಲಿಗೆ ಆನೆಯ ದಂತವೇ? ಹೊಳಪು ಕೊಡಿಸಬಹುದೇ? ಬೆಲೆ ಎಷ್ಟಾದೀತು? ಆರು ಫೋಟೋ ಕಳಿಸಿದ್ದೇನೆ.
— ಓದುಗರೊಬ್ಬರು, ಹಾವೇರಿ

ಉತ್ತರ: ನಿಮ್ಮ ಅತ್ತೆಯ ನೆನಪು ಸರಿಯಾಗಿದೆ. ಪೇರಲಹಣ್ಣಿನ ಬಗ್ಗೆ ಅವರು ಹೇಳಿದ ಆ ಒಂದು ಮಾತು ಅಲಗಿನ ಮೇಲಿನ ಮುದ್ರೆಗಿಂತ ಹೆಚ್ಚು ಕೆಲಸಕ್ಕೆ ಬಂತು. ನಿಮ್ಮ ಕೈಯಲ್ಲಿರುವುದು ಗಿಡಗಳಿಗೆ ಕಣ್ಣು ಕಸಿ ಮಾಡುವ, ಅಂದರೆ ಒಂದು ಗಿಡದ ಚಿಗುರುಮೊಗ್ಗನ್ನು ಇನ್ನೊಂದು ಗಿಡಕ್ಕೆ ಕೂರಿಸುವ ಚಾಕು. ಇಂಗ್ಲೆಂಡಿನ ಶೆಫೀಲ್ಡ್ ಊರಿನಲ್ಲಿ ತಯಾರಾದದ್ದು. ಇದನ್ನು ಹೇಗೆ ಹೇಳುತ್ತಿದ್ದೇನೆ ಎಂಬುದನ್ನು ವಿವರವಾಗಿಯೇ ಬರೆಯುತ್ತೇನೆ. ಏಕೆಂದರೆ ನಾನು ಹೇಳಿದ್ದನ್ನು ನೀವು ನಂಬುವುದಕ್ಕಿಂತ, ಚಾಕುವನ್ನು ಕೈಯಲ್ಲಿ ಹಿಡಿದು ನೀವೇ ನೋಡಿಕೊಳ್ಳುವುದು ಒಳ್ಳೆಯದು.

ಎಲ್ಲರೂ ಮೊದಲು ಹೆಸರು ಓದಲು ಹೋಗುತ್ತಾರೆ. ನಾನು ಮೊದಲು ಆಕಾರ ನೋಡುತ್ತೇನೆ. ಜೇಬಿನ ಚಾಕುವಿಗೆ ಹಿಡಿಯ ಹಿಂದುಗಡೆ ಒಂದು ನಾಲಿಗೆ ಅಂಟಿಸಿದ್ದಾರೆ ಎಂದರೆ ಅದಕ್ಕೆ ಒಂದೇ ಕಾರಣ: ತೊಗಟೆ ಎತ್ತುವುದು. ಅದು ಲಕೋಟೆ ಬಿಡಿಸುವ ಪಟ್ಟಿಯಲ್ಲ, ಅಲಂಕಾರವೂ ಅಲ್ಲ.

ಮುಂಗಾರು ಬಿದ್ದು ಗಿಡದಲ್ಲಿ ರಸ ಏರಿದಾಗ ತೊಗಟೆ ಒಳಗಿನ ಕಟ್ಟಿಗೆಯಿಂದ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಆಗ ಪೆನ್ಸಿಲ್ ದಪ್ಪದ ಬೇರುಸಸಿಯ (ಕಸಿಗೆ ಬೇರು ಒದಗಿಸುವ ಸಸಿಯ) ಮೇಲೆ ಇಂಗ್ಲಿಷಿನ ಟಿ ಅಕ್ಷರದಂತೆ ಅಡ್ಡ ಒಂದು, ಉದ್ದ ಒಂದು ಗೀರು ಹಾಕುತ್ತಾರೆ. ಗೀರು ತೊಗಟೆಯನ್ನಷ್ಟೇ ಸೀಳಬೇಕು, ಕಟ್ಟಿಗೆಗೆ ಇಳಿಯಬಾರದು. ನಂತರ ಚಾಕುವನ್ನು ಬೆರಳಲ್ಲೇ ಹೊರಳಿಸಿ, ನಾಲಿಗೆಯ ತುದಿಯನ್ನು ಗೀರಿನೊಳಗೆ ತೂರಿಸಿ, ತೊಗಟೆಯ ಎರಡೂ ಅಂಚುಗಳನ್ನು ಪುಸ್ತಕದ ಹಾಳೆ ಬಿಡಿಸಿದಂತೆ ಮೆಲ್ಲಗೆ ಎತ್ತುತ್ತಾರೆ. ಒಳಗೆ ಒದ್ದೆಯಾಗಿ, ಲೋಳೆ ಲೋಳೆಯಾಗಿ ಹೊಳೆಯುವ ಒಂದು ಪದರವಿದೆ. ಗಿಡಕ್ಕೆ ಹೊಸ ಕಟ್ಟಿಗೆಯನ್ನೂ ಹೊಸ ತೊಗಟೆಯನ್ನೂ ಕೊಡುವುದು ಅದೇ ಪದರ. ಒಳ್ಳೆಯ ಗಿಡದ ಕಡ್ಡಿಯಿಂದ ಗುರಾಣಿಯ ಆಕಾರದಲ್ಲಿ ಕೊಯ್ದ ಕಣ್ಣನ್ನು ಅಲ್ಲಿ ಕೂರಿಸಿ, ಕಣ್ಣು ಮಾತ್ರ ಹೊರಗಿಣುಕುವಂತೆ ಬಾಳೆಯ ನಾರಿನಿಂದ ಸುತ್ತಿ ಕಟ್ಟುತ್ತಾರೆ. ಎರಡು ಮೂರು ವಾರ ಕಳೆದರೂ ಕಣ್ಣು ಹಸಿರಾಗಿಯೇ ಇದ್ದರೆ ಕಸಿ ಹಿಡಿಯಿತು ಎಂದು ಅರ್ಥ. ಗುಲಾಬಿ, ನಿಂಬೆ, ಕಿತ್ತಳೆ, ಬಾರಿಹಣ್ಣಿನ ಗಿಡಗಳಿಗೆ ಈ ರೀತಿ ಕಣ್ಣು ಹಾಕುತ್ತಾರೆ.

ನಾಲಿಗೆಯನ್ನು ಕಬ್ಬಿಣದಿಂದಲೇ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಗಿಡದ ತೊಗಟೆಯಲ್ಲಿ ಒಗರು ಇರುತ್ತದೆ. ಒಗರಿಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಹಿಂದೆ ಬರೆಯುವ ಮಸಿಯನ್ನು ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಮಾಡುತ್ತಿದ್ದದ್ದೂ ಈ ಗುಣದಿಂದಲೇ. ಗಾಯವಾದ ಜಾಗದಲ್ಲಿ ಈ ಕಪ್ಪು ಕಸಿಗಾರನಿಗೆ ಬೇಡ. ಮೇಲಾಗಿ ಕಬ್ಬಿಣದ ಅಂಚು ಎಷ್ಟು ಮೊಂಡಾಗಿದ್ದರೂ ಆ ಎಳೆಯ ಪದರವನ್ನು ಗೀಚುತ್ತದೆ. ಎಲುಬು ನಯವಾಗಿ ಜಾರುತ್ತದೆ. ಹೀಗಾಗಿ ಎಲುಬು, ಕೊಂಬು ಅಥವಾ ದಂತ.

ಪೇರಲಹಣ್ಣು ಹೆಚ್ಚಲು ಕೊಡದಿದ್ದುದರ ಗುಟ್ಟೂ ಇದೇ. ಇದರ ಅಲಗು ತುಕ್ಕು ಹಿಡಿಯುವ ಜಾತಿಯ ಉಕ್ಕಿನದು. ಹಣ್ಣಿನ ಹುಳಿ ಅದರ ಬಾಯಿಯನ್ನು ತಿನ್ನುತ್ತದೆ, ಮಂದ ಮಾಡುತ್ತದೆ. ಮಂದವಾದ ಬಾಯಿ ತೊಗಟೆಯನ್ನು ಕೊಯ್ಯುವುದಿಲ್ಲ, ಹಿಂಜುತ್ತದೆ. ಹಿಂಜಿದ ತೊಗಟೆ ಕೂಡಿಕೊಳ್ಳುವುದಿಲ್ಲ. ನವಲೂರಿನ ಪೇರಲ ಮನೆಮನೆಗೆ ಬರುವ ಊರಿನಲ್ಲಿ, ಮಕ್ಕಳು ಕೈಚಾಚಿ ಕೇಳಿದಾಗಲೂ ಚಾಕು ಕೊಡದ ಮನುಷ್ಯ ಜಿಪುಣನಲ್ಲ, ತನ್ನ ಕಸುಬು ಬಲ್ಲವನು.

ಈಗ ಯುದ್ಧದ ಮಾತು. ಬ್ರಿಟಿಷ್ ಸೈನ್ಯ ಸಿಪಾಯಿಗಳಿಗೆ ಕೊಡುತ್ತಿದ್ದ ಮಡಚುವ ಚಾಕುವಿನ ಚಹರೆಯೇ ಬೇರೆ. ಅದು ಭಾರ. ಅದರ ಅಲಗಿನ ಬಾಯಿ ನೇರ, ಮೊನೆ ಕುರಿಯ ಗೊರಸಿನಂತೆ ಮೊಂಡು. ಜೊತೆಗೆ ಡಬ್ಬಿ ತೆರೆಯುವ ಕೊಕ್ಕು, ಬಹಳಷ್ಟು ಮಾದರಿಗಳಲ್ಲಿ ಹಗ್ಗದ ಗಂಟು ಬಿಡಿಸುವ ದಪ್ಪ ದಬ್ಬಣ, ಸೊಂಟಕ್ಕೆ ತೂಗುಹಾಕಲು ಒಂದು ಲೋಹದ ಕೊಂಡಿ. ಹಿಡಿ ಸಾಮಾನ್ಯವಾಗಿ ಕರಿದು, ಅದರ ಮೇಲೆ ಚೌಕಳಿ ಗೀರು. ಎಲ್ಲಕ್ಕಿಂತ ಮುಖ್ಯವಾಗಿ ಸರಕಾರಿ ಸ್ವತ್ತು ಎಂದು ತೋರಿಸುವ ಅಗಲ ಬಾಣದ ಗುರುತು ಇರುತ್ತದೆ. ಭಾರತದ ಸೈನ್ಯದ್ದಾದರೆ ಬಾಣದ ಜೊತೆ ಇಂಗ್ಲಿಷಿನ ಐ ಅಕ್ಷರವೂ ಇರುತ್ತದೆ. ನಿಮ್ಮ ಆರು ಫೋಟೋಗಳಲ್ಲಿ ಇವುಗಳಲ್ಲಿ ಒಂದೂ ಇಲ್ಲ.

ಹಾಗೆಂದು ಅಪ್ಪ ಹೇಳಿದ್ದನ್ನು ಸುಳ್ಳು ಎಂದುಕೊಳ್ಳಬೇಡಿ. ಅಜ್ಜ ಯುದ್ಧಕ್ಕೆ ಹೋದದ್ದು ನಿಜ, ಚಾಕು ಅಜ್ಜನದು ಎಂಬುದೂ ನಿಜ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದ್ದುದರಿಂದ ನಮ್ಮ ಭಾಗದ ಹಳ್ಳಿಗಳಿಗೆ ಸೈನ್ಯ ದೂರದ ಮಾತಾಗಿರಲಿಲ್ಲ. ಒಂದೇ ಟ್ರಂಕಿನಲ್ಲಿ ಸೈನ್ಯದ ಕಾಗದವೂ ತೋಟದ ಚಾಕುವೂ ಇದ್ದರೆ, ಮಗುವಿನ ಕಣ್ಣಿಗೆ ಎರಡೂ ಒಂದೇ ಕಥೆಯಾಗುತ್ತವೆ. ಯುದ್ಧದ ಪುರಾವೆಯನ್ನು ಚಾಕುವಿನಲ್ಲಿ ಹುಡುಕದೆ ಟ್ರಂಕಿನ ತಳದ ಕಾಗದಗಳಲ್ಲಿ ಹುಡುಕಿ. ಬಿಡುಗಡೆ ಪತ್ರ, ಪಿಂಚಣಿಯ ಚೀಟಿ, ಪದಕದ ಪಟ್ಟಿ, ಇಂಥವು ಏನಾದರೂ ಸಿಕ್ಕರೆ ಅಪ್ಪನ ಮಾತಿಗೆ ಅದೇ ಆಧಾರ.

17ರ ಬಗ್ಗೆ ಮಾತ್ರ ನಾನು ಬೇರೆಯವರಿಗಿಂತ ಹೆಚ್ಚು ಖಚಿತವಾಗಿ ಹೇಳಬಲ್ಲೆ. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದ ಟೂಲ್ ರೂಮಿನಲ್ಲಿ 31 ವರ್ಷ ದುಡಿದವನು ನಾನು. ಸುತ್ತಿಗೆ, ಅರ, ಸ್ಪ್ಯಾನರು, ಉಳಿ, ಹೀಗೆ ಸಾವಿರಾರು ಉಪಕರಣಗಳ ಮೇಲೆ ನಂಬರ್ ಪಂಚಿನಿಂದ ಅಂಕಿ ಹೊಡೆದಿದ್ದೇನೆ. ಒಂದೊಂದು ಅಂಕಿಗೆ ಒಂದೊಂದು ಪಂಚು. ಮೊದಲು ಒಂದನ್ನು ಇಟ್ಟು ಸುತ್ತಿಗೆಯಿಂದ ಒಂದು ಏಟು, ಅದನ್ನು ತೆಗೆದು ಇನ್ನೊಂದನ್ನು ಇಟ್ಟು ಮತ್ತೊಂದು ಏಟು. ಎಷ್ಟೇ ಪಳಗಿದ ಕೈಯಾದರೂ ಎರಡನೆಯ ಅಂಕಿ ಮೊದಲನೆಯದರ ಸಾಲಿಗೆ ಸರಿಯಾಗಿ ಕೂರುವುದಿಲ್ಲ. ನಿಮ್ಮ ನಾಲ್ಕನೆಯ ಫೋಟೋವನ್ನು ದೊಡ್ಡದು ಮಾಡಿ ನೋಡಿ. 1 ನೇರವಾಗಿದೆ. 7 ಕೂದಲೆಳೆಯಷ್ಟು ಕೆಳಗಿಳಿದು ಬಲಕ್ಕೆ ವಾಲಿದೆ, ಅದರ ಮೇಲಿನ ಗೆರೆ ಎಡಗಡೆ ಆಳ, ಬಲಗಡೆ ತೇಲಿದೆ. ಕಾರ್ಖಾನೆಯ ಮುದ್ರೆ ಹೀಗಿರುವುದಿಲ್ಲ. ಅಲಗಿನ ಬುಡದ ಹೆಸರು, ಕಿರೀಟ, ನಕ್ಷತ್ರ ಎಲ್ಲವೂ ಒಂದಕ್ಕೊಂದು ಅಳತೆಯಲ್ಲಿ ಕೂತಿವೆ. ಆದ್ದರಿಂದ 17 ಎಂಬುದು ತಯಾರಾದ ವರ್ಷವಲ್ಲ. ಚಾಕು ಕೊಂಡ ಮೇಲೆ ಯಾವುದೋ ಉಗ್ರಾಣದಲ್ಲಿ ಕೂತು ಒಬ್ಬರು ಹೊಡೆದ ದಾಸ್ತಾನು ಸಂಖ್ಯೆ. ಹದಿನೇಳನೆಯ ಚಾಕು, ಇಂಥವರ ಹೆಸರಿಗೆ, ಎಂದು ಪುಸ್ತಕದಲ್ಲಿ ಬರೆದುಕೊಳ್ಳಲು.

ಧಾರವಾಡದ ಕೃಷಿ ಕಾಲೇಜು ಶುರುವಾದದ್ದು 1947ರಲ್ಲಿ. ಅದು 1986ರಲ್ಲಿ ಶುರುವಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿತು. 1946ರಲ್ಲಿ ಸೈನ್ಯದಿಂದ ಮರಳಿದ ಒಬ್ಬ ಮನುಷ್ಯ, ಮರುವರ್ಷ ತೆರೆದ ಕಾಲೇಜಿನ ತೋಟದಲ್ಲಿ ಕೆಲಸಕ್ಕೆ ಸೇರಿ, ಅಲ್ಲಿ ಕೊಟ್ಟ ಸಂಖ್ಯೆ ಹೊಡೆದ ಚಾಕುವನ್ನು ಜೀವಮಾನವಿಡೀ ಜೋಪಾನ ಮಾಡಿದ ಎಂದರೆ ಎಲ್ಲವೂ ಹೊಂದಿಕೊಳ್ಳುತ್ತದೆ. ನಿಮ್ಮ ಅತ್ತೆ ಹೇಳಿದ್ದನ್ನೂ ಆ ವಾಲಿದ 7ನ್ನೂ ಜೋಡಿಸಿ ನಾನು ಮುಟ್ಟಿದ ತೀರ್ಮಾನ ಇದು.

ಇನ್ನು ಮುದ್ರೆ. ನಕ್ಷತ್ರ ಮತ್ತು ಮಾಲ್ಟಾ ಶಿಲುಬೆ ಜೋಸೆಫ್ ರಾಡ್ಜರ್ಸ್ ಅಂಡ್ ಸನ್ಸ್ ಎಂಬ ಶೆಫೀಲ್ಡಿನ ಮನೆತನದ ಗುರುತು. ಶೆಫೀಲ್ಡಿನಲ್ಲಿ ಚಾಕು ಮಾಡುವವರ ಸಂಘವೊಂದು 1624ರಿಂದ ಇದೆ. ಯಾರು ಯಾವ ಗುರುತು ಹೊಡೆಯಬೇಕು ಎಂದು ನಿರ್ಧರಿಸುತ್ತಿದ್ದುದು ಅದೇ. ಈ ಗುರುತನ್ನು ಅದು ರಾಡ್ಜರ್ಸ್ ಮನೆತನಕ್ಕೆ 1764ರಲ್ಲಿ ಕೊಟ್ಟಿತು. 1822ರಲ್ಲಿ ಅರಮನೆಗೆ ಚಾಕು ಒದಗಿಸುವ ಮಾನ್ಯತೆಯೂ ಸಿಕ್ಕಿತು. ಕಿರೀಟ ಹೊಡೆಯುವ ಹಕ್ಕು ಬಂದದ್ದು ಅಲ್ಲಿಂದ. ಬೊಂಬಾಯಿ, ಕಲ್ಕತ್ತಾಗಳಲ್ಲೂ ಅವರ ಮಾರಾಟ ಕಚೇರಿಗಳಿದ್ದವು. ಆಗ ಧಾರವಾಡ ಜಿಲ್ಲೆ ಬೊಂಬಾಯಿ ಪ್ರಾಂತದಲ್ಲಿತ್ತು, ಪೇಟೆಯ ಮಾಲು ರೈಲಿನಲ್ಲಿ ಆ ಕಡೆಯಿಂದಲೇ ಇಳಿಯುತ್ತಿತ್ತು. ಈ ಚಾಕು ನಮ್ಮೂರಿಗೆ ಬಂದದ್ದರಲ್ಲಿ ಅಚ್ಚರಿಯಿಲ್ಲ.

ಕಿರೀಟದ ಪಕ್ಕದ ಅಕ್ಷರಗಳು ಕಾಲವನ್ನು ಹೇಳುತ್ತವೆ. ವಿ ಮತ್ತು ಆರ್ ಇದ್ದರೆ ವಿಕ್ಟೋರಿಯಾ ರಾಣಿಯ ಕಾಲ, 1901ಕ್ಕಿಂತ ಹಿಂದಿನದು. ಇ ಮತ್ತು ಆರ್ ಇದ್ದರೆ ಏಳನೆಯ ಎಡ್ವರ್ಡ್, 1901ರಿಂದ 1910. ನಿಮ್ಮದು ಜಿ ಮತ್ತು ಆರ್. ಐದನೆಯ ಜಾರ್ಜ್ ಆಳಿದ್ದು 1910ರಿಂದ 1936, ಆರನೆಯ ಜಾರ್ಜ್ 1936ರಿಂದ 1952. ಅಂದರೆ 1917 ಅಸಾಧ್ಯವೇನೂ ಅಲ್ಲ, ಆದರೆ ಅದನ್ನು ಹೇಳುವ ಗುರುತು ಚಾಕುವಿನ ಮೇಲಿಲ್ಲ. ಕಾಲೇಜಿನ ಲೆಕ್ಕ ಸರಿಯಾದರೆ ಇದು ಆರನೆಯ ಜಾರ್ಜನ ಕಾಲದ ಮಾಲು ಎನ್ನುವುದೇ ನನ್ನ ಅಭಿಪ್ರಾಯ.

ರಾಡ್ಜರ್ಸ್ ಹೆಸರಿಗೆ ಬೇಡಿಕೆ ಇದ್ದಷ್ಟೇ ಅದರ ನಕಲೂ ಇತ್ತು. ಇಂಗ್ಲಿಷಿನ ಡಿ ಅಕ್ಷರ ಬಿಟ್ಟು ಬರೆದ ಹೆಸರು, ನಕ್ಷತ್ರವಿದ್ದು ಶಿಲುಬೆ ಇಲ್ಲದ ಮುದ್ರೆ, ಇಂಥವು ಹಳೆಯ ಸಾಮಾನಿನ ಅಂಗಡಿಗಳಲ್ಲಿ ನನಗೆ ಎಷ್ಟೋ ಸಿಕ್ಕಿವೆ. ನಿಮ್ಮದರಲ್ಲಿ ಎರಡೂ ಗುರುತುಗಳಿವೆ, ಆದರೆ ಹೆಸರಿನ ಮೊದಲ ಅರ್ಧ ಸವೆದಿದೆ. ಅದನ್ನು ಓದಲು ಯಾವ ದ್ರಾವಣವನ್ನೂ ಹಚ್ಚಬೇಡಿ. ರಾತ್ರಿ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಅಲಗಿಗೆ ಸಮನಾಗಿ, ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಬೆಳಕು ಅಡ್ಡ ಬಿದ್ದಾಗ ಅಕ್ಷರದ ತಗ್ಗಿನಲ್ಲಿ ನೆರಳು ನಿಲ್ಲುತ್ತದೆ. ಆಗಲೂ ಕಾಣದಿದ್ದರೆ ಸೀಮೆಸುಣ್ಣದ ಪುಡಿಯನ್ನು ಬೆರಳಿನಿಂದ ತೀಡಿ, ಮೇಲಿನದನ್ನು ಬಟ್ಟೆಯಿಂದ ಒರೆಸಿ. ತಗ್ಗಿನಲ್ಲಿ ಉಳಿದ ಬಿಳುಪು ಅಕ್ಷರವಾಗಿ ಕಾಣುತ್ತದೆ.

ಒಂದು ಮಾತು ಇಲ್ಲಿ ಸೇರಿಸಬೇಕು. ಸ್ಟೇನ್‌ಲೆಸ್ ಅಲ್ಲದ ಉಕ್ಕನ್ನು ಅಯಸ್ಕಾಂತದಿಂದ ಪತ್ತೆ ಮಾಡಬಹುದು ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಅಡುಗೆ ಪಾತ್ರೆಯ ಸ್ಟೀಲಿಗೆ ಅಯಸ್ಕಾಂತ ಅಂಟದಿರಬಹುದು, ಆದರೆ ಚಾಕುವಿಗೆ ಬಳಸುವ, ಹದ ಕೊಡಬಲ್ಲ ಸ್ಟೇನ್‌ಲೆಸ್ ಉಕ್ಕಿಗೆ ಅಂಟುತ್ತದೆ. ಆ ಉಕ್ಕು ಹುಟ್ಟಿದ್ದೂ ಶೆಫೀಲ್ಡಿನಲ್ಲೇ, 1913ರಲ್ಲಿ, ಹ್ಯಾರಿ ಬ್ರೇರ್ಲಿ ಎಂಬಾತನ ಕೈಯಲ್ಲಿ. ನಿಮ್ಮ ಅಲಗು ಹಳೆಯ ಜಾತಿಯದು ಎಂದು ಹೇಳಲು ಅಯಸ್ಕಾಂತ ಬೇಕಿಲ್ಲ. ಅದರ ಮೈಮೇಲಿನ ಬೂದು-ಕಪ್ಪು ಬಣ್ಣ, ಮೊನೆಯ ಬಳಿ ಹುರುಳಿಕಾಳಿನಷ್ಟಗಲದ ಕೆಂಪು ತುಕ್ಕು, ಇವೆರಡೇ ಸಾಕು.

ಅಲಗಿನ ಸವೆತವನ್ನು ನೋಡಿದ ಮೇಲಂತೂ ನನಗೆ ಯಾವ ಅನುಮಾನವೂ ಉಳಿಯಲಿಲ್ಲ. ಅಡುಗೆಮನೆಯಲ್ಲಿ ದುಡಿದ ಚಾಕು ನಡುವಿನಲ್ಲಿ ಸವೆಯುತ್ತದೆ, ಬಾಯಿ ಬಿದಿಗೆಯ ಚಂದ್ರನಂತೆ ಒಳಗೆ ಬಾಗುತ್ತದೆ. ನಿಮ್ಮ ಚಾಕುವಿನ ನಡುಭಾಗ ಹೆಚ್ಚು ಕಡಿಮೆ ಮೊದಲಿನ ಅಗಲದಲ್ಲೇ ಇದೆ. ಮುಂದಿನ ಒಂದು ಅಂಗುಲ ಮಾತ್ರ ಮೆಲ್ಲಮೆಲ್ಲನೆ ಕಿರಿದಾಗುತ್ತಾ ಹೋಗಿದೆ. ತೊಗಟೆಗೆ ಅಡ್ಡ ಒಂದು, ಉದ್ದ ಒಂದು ಗೀರು ಹಾಕುವವನಿಗೆ ಬೇಕಾದದ್ದು ಆ ಒಂದು ಅಂಗುಲವೇ. ಅದು ಮಂದವಾದಾಗಲೆಲ್ಲ ಕಲ್ಲಿಗೆ ಹಿಡಿದಿದ್ದಾರೆ, ಉಳಿದದ್ದನ್ನು ಸುಮ್ಮನೆ ಸವೆಸಿಲ್ಲ. ಗಾಲಿಸಾಣೆಗೆ ಕೊಟ್ಟಿದ್ದರೆ ಗೀರುಗಳು ಅಡ್ಡಕ್ಕೆ ಒರಟಾಗಿ ಇರುತ್ತಿದ್ದವು. ಇಲ್ಲಿ ಅಂಥ ಒಂದು ಗೀರೂ ಇಲ್ಲ. ಎಣ್ಣೆ ಹಚ್ಚಿದ ನುಣುಪುಗಲ್ಲಿನ ಮೇಲೆ ಕೈಯಿಂದಲೇ, ವರ್ಷಗಟ್ಟಲೆ ತಿಕ್ಕಿದ ಬಾಯಿ ಇದು. ಅಜ್ಜ ಬರೆದಿಟ್ಟ ದಿನಚರಿ ಇಲ್ಲ ಎಂದು ನೀವು ಪತ್ರದಲ್ಲಿ ಬೇಸರಪಟ್ಟಿದ್ದೀರಿ. ಆ ಒಂದು ಅಂಗುಲವನ್ನು ಭೂತಗನ್ನಡಿಯಲ್ಲಿ ನೋಡಿ.

ದಂತದ ಪ್ರಶ್ನೆಗೆ ಬರುತ್ತೇನೆ, ಇದರಲ್ಲಿ ಕಾನೂನಿನ ಮಾತೂ ಇದೆ. ನಿಮ್ಮ ಐದನೆಯ ಫೋಟೋದಲ್ಲಿ ನಾಲಿಗೆಯ ಉದ್ದಕ್ಕೂ ಸೂಜಿಯಿಂದ ಚುಚ್ಚಿದಂಥ ಸಣ್ಣ ಕಪ್ಪು ಚುಕ್ಕೆಗಳೂ ಗೀಟುಗಳೂ ಕಾಣುತ್ತವೆ. ಜೀವವಿದ್ದಾಗ ರಕ್ತ ಹರಿದ ನಾಳಗಳು ಅವು, ಈಗ ಕೊಳೆ ತುಂಬಿ ಕಪ್ಪಾಗಿವೆ. ಎಲುಬಿನಲ್ಲಿ ಅವು ಇರುತ್ತವೆ, ದಂತದಲ್ಲಿ ಇರುವುದಿಲ್ಲ. ದಂತವಾದರೆ ಅಡ್ಡ ಕೊಯ್ದ ಮುಖದಲ್ಲಿ ಬಾಗುಗೆರೆಗಳು ಒಂದನ್ನೊಂದು ಹಾಯ್ದು ಹೆಣೆದ ಜಾಲದಂತೆ ಕಾಣಬೇಕಿತ್ತು. ನಿಮ್ಮದು ಎಲುಬು, ಚಿಂತೆ ಬಿಡಿ. ಬಿಸಿ ಸೂಜಿ ಚುಚ್ಚಿ ಪರೀಕ್ಷಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಆ ಕಾಲದಲ್ಲಿ ದಂತದಂತೆ ಕಾಣುವ ಸೆಲ್ಯುಲಾಯ್ಡ್ ಕೂಡ ಬಳಕೆಯಲ್ಲಿತ್ತು, ಅದಕ್ಕೆ ಬಿಸಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಹಿಡಿಯ ವಿಷಯ ಬೇರೆ. ತೊಗಟೆಯಂಥ ಆ ಒರಟು, ಎರಡೂ ಪಕ್ಕ ಒಂದೇ ರೀತಿ ಇಲ್ಲ. ಒಂದು ಪಕ್ಕದ ಏಣುಗಳು ದಟ್ಟ, ಇನ್ನೊಂದು ಪಕ್ಕದವು ಅಗಲ. ಎಲುಬಿನ ಮೇಲೆ ಯಂತ್ರದಿಂದ ಕೆತ್ತಿ ಕೊಂಬಿನಂತೆ ಮಾಡಿದ ಹಿಡಿಗಳಲ್ಲಿ ತಗ್ಗುಗಳು ಒಂದೇ ಅಳತೆಯಲ್ಲಿ ಮರುಕಳಿಸುತ್ತವೆ. ಆದ್ದರಿಂದ ಇದು ಕಡವೆಯ ಕೊಂಬು ಎಂದೇ ನಾನು ಹೇಳುತ್ತೇನೆ. ಶೆಫೀಲ್ಡಿನವರಿಗೆ ಹಿಡಿಗಾಗಿ ಬೇಕಾದ ಕಡವೆಯ ಕೊಂಬು ಹೋಗುತ್ತಿದ್ದುದು ಹಿಂದೂಸ್ಥಾನದ ಕಾಡುಗಳಿಂದಲೇ. ನಮ್ಮ ಕಾಡಿನಲ್ಲಿ ಉದುರಿದ ಕೊಂಬು ಹಡಗು ಹತ್ತಿ ಹೋಗಿ, ಇಂಗ್ಲೆಂಡಿನ ಉಕ್ಕಿಗೆ ಹಿಡಿಯಾಗಿ, ಮತ್ತೆ ಹಡಗು ಹತ್ತಿ ಬಂದು, ಧಾರವಾಡದ ಮಣ್ಣಿನಲ್ಲಿ ಗುಲಾಬಿ ಕಸಿ ಕಟ್ಟಿದೆ. ಇಂಥ ಚಾಕು ಕೈಗೆ ಬಂದಾಗಲೆಲ್ಲ ನನಗೆ ಆ ದಾರಿ ನೆನಪಾಗುತ್ತದೆ.

ಆದರೆ ಆನೆಯಂತೆ ಕಡವೆಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. ಅಂಥ ಪ್ರಾಣಿಯ ಅಂಗದಿಂದ ಮಾಡಿದ ವಸ್ತು ಹಿರಿಯರಿಂದ ಬಂದದ್ದು ಎಂಬ ಮಾತ್ರಕ್ಕೆ ಎಲ್ಲವೂ ಸರಿಯಾಯಿತು ಎನ್ನುವಂತಿಲ್ಲ. ಮಾಲೀಕತ್ವದ ಪ್ರಮಾಣಪತ್ರದ ವಿಷಯ ಬರುತ್ತದೆ. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕಗಳ ಪ್ರಕರಣ ನಮ್ಮ ರಾಜ್ಯದಲ್ಲಿ ಸುದ್ದಿಯಾದಾಗ ಎಷ್ಟೋ ಮನೆಗಳಲ್ಲಿ ಹಳೆಯ ಕಪಾಟುಗಳನ್ನು ತೆರೆದು ನೋಡಿದರು. ನೀವು ಚಾಕುವಿನ ಫೋಟೋಗಳನ್ನು ತೆಗೆದುಕೊಂಡು ಹಾವೇರಿಯ ವಲಯ ಅರಣ್ಯಾಧಿಕಾರಿ ಕಚೇರಿಗೆ ನೀವಾಗಿಯೇ ಹೋಗಿ, ಅಜ್ಜನಿಂದ ಬಂದ ವಸ್ತು ಎಂದು ಲಿಖಿತವಾಗಿ ತಿಳಿಸಿ, ಮುಂದೇನು ಮಾಡಬೇಕೆಂದು ಕೇಳಿ. ಅದಕ್ಕೆ ಮೊದಲು ಮಾರಬೇಡಿ, ಯಾರಿಗೂ ಉಡುಗೊರೆ ಕೊಡಬೇಡಿ, ಪರದೇಶಕ್ಕಂತೂ ಕಳಿಸಲೇಬೇಡಿ. ಶಸ್ತ್ರಾಸ್ತ್ರ ಕಾನೂನಿನ ಭಯ ಮಾತ್ರ ಬೇಡ. ತೋಟದ ಕೆಲಸಕ್ಕೆಂದೇ ಮಾಡಿದ ಇಷ್ಟು ಚಿಕ್ಕ ಅಲಗಿಗೆ ಪರವಾನಗಿಯ ಮಾತಿಲ್ಲ.

ಹೊಳಪು ಕೊಡಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ನನ್ನ 22ನೆಯ ವಯಸ್ಸಿನಲ್ಲಿ ದೊಡ್ಡಪ್ಪನ ಒಂದು ಚಾಕು ನನಗೆ ಬಂತು. ಕೆಲಸಕ್ಕೆ ಸೇರಿ ಆಗಿನ್ನೂ ಒಂದು ವರ್ಷ, ಉಕ್ಕು ಎಂದರೆ ಥಳಥಳ ಹೊಳೆಯಬೇಕು ಎಂದುಕೊಂಡಿದ್ದ ಕಾಲ. ರಸ್ತೆಬದಿಯಲ್ಲಿ ಸಾಣೆ ಹಿಡಿಯುವವರ ಮುಂದೆ ನಿಂತು, ಪೂರಾ ತಿಕ್ಕಿ ಎಂದು ನಾನೇ ಹೇಳಿದೆ. ಕಿಡಿಗಳು ಹಾರಿದವು. ಹತ್ತು ನಿಮಿಷದಲ್ಲಿ ಅಲಗು ಕನ್ನಡಿಯಾಯಿತು. ಬುಡದಲ್ಲಿದ್ದ ಹೆಸರು ಹೋಗಿತ್ತು. ಮೊನೆಯ ಬಳಿ ನೀಲಿ ಬಣ್ಣ ತಿರುಗಿತ್ತು. ಹದ ಇಳಿದ ಉಕ್ಕಿನ ಗುರುತು ಅದು, ಆಮೇಲೆ ಎಷ್ಟು ಸಾಣೆ ಹಿಡಿದರೂ ಆ ಜಾಗ ಬಾಯಿ ನಿಲ್ಲಿಸಲಿಲ್ಲ. ದೊಡ್ಡಪ್ಪ ಅದನ್ನು ಎಲ್ಲಿಂದ ತಂದಿದ್ದರು, ಯಾರು ಮಾಡಿದ್ದು ಎಂದು ತಿಳಿಯುವ ದಾರಿಯನ್ನು ನಾನೇ ಮುಚ್ಚಿದೆ. ಆ ಚಾಕು ಇಂದಿಗೂ ನನ್ನ ಮೇಜಿನ ಮೇಲಿದೆ. ಯಾರಾದರೂ ಹೊಳಪಿನ ಮಾತೆತ್ತಿದರೆ ಮೊದಲು ಅದನ್ನು ತೋರಿಸುತ್ತೇನೆ.

ಬೂದು-ಕಪ್ಪು ಬಣ್ಣ ಕೊಳೆಯಲ್ಲ. ಉಕ್ಕು ತಾನೇ ಹೊದ್ದುಕೊಂಡ ಹೊದಿಕೆ, ಕೆಂಪು ತುಕ್ಕನ್ನು ಅದು ತಡೆಯುತ್ತದೆ. ತೆಗೆಯಬೇಕಾದದ್ದು ಕೆಂಪನ್ನು ಮಾತ್ರ. ಅದರ ಮೇಲೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಬಿಟ್ಟು ಒಂದು ರಾತ್ರಿ ಇಡಿ. ಬೆಳಿಗ್ಗೆ ಬಿದಿರಿನ ಸೀಳನ್ನು ಉಳಿಯಂತೆ ಚಪ್ಪಟೆ ಮಾಡಿಕೊಂಡು ಮೆತ್ತಗೆ ಕೆರೆಯಿರಿ, ಹತ್ತಿ ಬಟ್ಟೆಯಿಂದ ಒರೆಸಿ. ಒಂದೇ ದಿನಕ್ಕೆ ಹೋಗದಿದ್ದರೆ ಮತ್ತೆ ಮಾಡಿ. ಹುಣಸೆಹಣ್ಣು, ನಿಂಬೆ, ಪಾಲಿಶ್ ಪೇಪರು, ಹಿತ್ತಾಳೆ ಬೆಳಗುವ ದ್ರಾವಣ, ಯಾವುದೂ ಬೇಡ. ಕೊಬ್ಬರಿ ಎಣ್ಣೆಯೂ ಬೇಡ, ಕೆಲವು ತಿಂಗಳಲ್ಲಿ ಅದು ಅಂಟಾಗಿ ಧೂಳನ್ನು ಹಿಡಿದಿಡುತ್ತದೆ. ಹಿಡಿಯೊಳಗಿನ ಹಿತ್ತಾಳೆಯ ಮೇಲೆ ಹಸಿರು ಕಿಲುಬು ಇದ್ದರೆ ಒಣ ಬಟ್ಟೆಯಿಂದಲೇ ತೆಗೆಯಿರಿ. ಇಡೀ ಚಾಕುವನ್ನು ನೀರಿನಲ್ಲಿ ಮುಳುಗಿಸಿದರೆ ಎಲುಬು ಉಬ್ಬಿ ಸೀಳುತ್ತದೆ.

ಅಲಗು ಬಿಗಿಯಾಗಿದೆ, ಅರ್ಧಕ್ಕೇ ನಿಲ್ಲುತ್ತದೆ ಎಂದು ಬರೆದಿದ್ದೀರಿ. ಇಕ್ಕಳ ಹಾಕಬೇಡಿ. ಕೀಲಿಗೆ ಸೀಮೆಎಣ್ಣೆಯ ಎರಡು ಹನಿ ಬಿಟ್ಟು, ಬಾಯಿ ಕೆಳಗಾಗಿ ಒಂದು ದಿನ ಕಾಗದದ ಮೇಲೆ ನಿಲ್ಲಿಸಿ. ಕಪ್ಪು ರಸ ಇಳಿಯುತ್ತದೆ. ನಂತರ ಅಲಗನ್ನು ಸ್ವಲ್ಪ ತೆರೆದು, ಸ್ವಲ್ಪ ಮುಚ್ಚಿ, ಮತ್ತೆ ಎರಡು ಹನಿ. ಕೊಳೆಯೆಲ್ಲ ಹೋದ ದಿನ ಅಲಗು ಪೂರ್ತಿ ತೆರೆಯುವಾಗ ಒಳಗಿನ ಸ್ಪ್ರಿಂಗು ‘ಟಕ್’ ಎಂದು ಗಟ್ಟಿಯಾಗಿ ಕೂರುತ್ತದೆ. ಮನೆಯ ಮಂದಿಗೆ ಅಜ್ಜ ತೋಟಕ್ಕೆ ಹೊರಟರು ಎಂದು ಹೇಳುತ್ತಿದ್ದ ಸದ್ದು ಬಹುಶಃ ಅದೇ. ಆಮೇಲೆ ಯಂತ್ರದ ಎಣ್ಣೆಯ ಒಂದು ಹನಿ ಹಾಕಿ, ಸ್ಪ್ರಿಂಗಿನ ಮೇಲೆ ಒತ್ತಡ ಉಳಿಯದಂತೆ ಪೂರ್ತಿ ಮಡಚಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಚರ್ಮದ ಚೀಲದಲ್ಲಿ ಇಡಬೇಡಿ, ಚರ್ಮ ಹದ ಮಾಡುವ ಪದಾರ್ಥಗಳು ಉಕ್ಕನ್ನೂ ಹಿತ್ತಾಳೆಯನ್ನೂ ತಿನ್ನುತ್ತವೆ. ಪ್ಲಾಸ್ಟಿಕ್ ಚೀಲವೂ ಬೇಡ, ಮಳೆಗಾಲದಲ್ಲಿ ಅದರೊಳಗೆ ತೇವ ನಿಲ್ಲುತ್ತದೆ. ಅಜ್ಜನ ಧೋತರದ ತುಂಡು ಇದೆಯಲ್ಲ, ಅದನ್ನು ಒಗೆದು ಚೆನ್ನಾಗಿ ಒಣಗಿಸಿದರೆ ಅದಕ್ಕಿಂತ ಒಳ್ಳೆಯ ಬಟ್ಟೆ ಬೇರೆ ಬೇಕಿಲ್ಲ.

ಬೆಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂಗ್ರಹಕಾರರು ಹಣ ಕೊಡುವುದು ಹಲವು ಅಲಗಿನ, ಸವೆಯದ ಚಾಕುಗಳಿಗೆ. ತೋಟದ ಚಾಕುವಿಗೆ, ಅದರಲ್ಲೂ ಸವೆದ ಅಲಗಿಗೆ, ಹೆಚ್ಚಿನ ಹಣ ಬರುವುದಿಲ್ಲ. ನಿಮ್ಮ ಚಾಕುವಿನಲ್ಲಿ ನಾನು ಬೆಲೆಬಾಳುವುದು ಎನ್ನುವ ಆ ಒಂದು ಅಂಗುಲದ ಸವೆತವನ್ನು ಅವರು ದೋಷ ಎಂದು ಬರೆದುಕೊಳ್ಳುತ್ತಾರೆ.

ಇನ್ನೊಂದೇ ಒಂದು ಕೆಲಸ ನಿಮಗೆ ಬಾಕಿ ಇದೆ. ಕಸಿಯ ಚಾಕುಗಳಲ್ಲಿ ಬಹಳಷ್ಟರ ಬಾಯಿಯನ್ನು ಒಂದೇ ಪಕ್ಕ ಇಳಿಜಾರಾಗಿ ಸಾಣೆ ಹಿಡಿದಿರುತ್ತಾರೆ, ಇನ್ನೊಂದು ಪಕ್ಕ ಚಪ್ಪಟೆಯಾಗಿ ಬಿಡುತ್ತಾರೆ. ಕೊಯ್ದ ಮುಖ ಹಲಗೆಯಂತೆ ಸಮನಾಗಿ ಬರಲಿ ಎಂದು. ನಿಮ್ಮ ಫೋಟೋಗಳಲ್ಲಿ ಅಲಗಿನ ಮುದ್ರೆಯಿರುವ ಪಕ್ಕ ಮಾತ್ರ ಇರುವುದರಿಂದ ಇದನ್ನು ನೀವೇ ನೋಡಬೇಕು. ಚಾಕು ತೆರೆದು, ಬಾಯಿ ಕೆಳಗೆ, ಮೊನೆ ನಿಮ್ಮಿಂದ ಆಚೆಗೆ ಇರುವಂತೆ ಹಿಡಿಯಿರಿ. ಇಳಿಜಾರು ಬಲಗಡೆ ಇದ್ದರೆ ಬಲಗೈಯವರ ಚಾಕು, ಎಡಗಡೆ ಇದ್ದರೆ ಎಡಗೈಯವರದು. ಎರಡೂ ಕಡೆ ಇದ್ದರೆ ಈ ಪರೀಕ್ಷೆ ನಡೆಯುವುದಿಲ್ಲ. ನೋಡಿಕೊಂಡು, ಮುಂದಿನ ಸಲ ಧಾರವಾಡಕ್ಕೆ ಹೋದಾಗ, ನಿಮಗೆ ಕಂಡದ್ದನ್ನು ಮೊದಲೇ ಹೇಳದೆ ಅತ್ತೆಯನ್ನು ಕೇಳಿ: ಅಜ್ಜ ಯಾವ ಕೈಯಲ್ಲಿ ಕಸಿ ಮಾಡುತ್ತಿದ್ದರು? ಅವರು ಏನೆಂದರು ಎಂದು ನನಗೂ ಒಂದು ಸಾಲು ಬರೆಯಿರಿ.